ಕೂಟದ ಕಿವಿ

ಪಾತಾಳ ಕೂಟಕ್ಕೆ ಮೂರು ಸಾವಿರ ವರ್ಷ ವಯಸ್ಸು ಎಂದು ಅದರ ಮಹಾಗುರುಗಳು ಹೇಳುತ್ತಿದ್ದರು. ನನಗೆ ಗೊತ್ತಿರುವ ಮಟ್ಟಿಗೆ ಅದು ನನಗಿಂತ ಚಿಕ್ಕದು. ನಾನು ಹುಟ್ಟಿದಾಗ ಮಹಾಗುರುಗಳು ಬರೀ ಫೋಟೋದವರಾಗಿದ್ದರು. ತೊಟ್ಟಿಲ ಕೂಸಾಗಿದ್ದ ನನ್ನ ಫೋಟೋ ತೆಗೆದವರೂ ಅವರೇ. ಆ ಚಿತ್ರದಲ್ಲಿ ನಾನು ಬಾಯಿ ತೆರೆದುಕೊಂಡು ಎಲ್ಲಿಯೋ ಮೇಲೆ ನೋಡುತ್ತಿದ್ದೇನೆ, ಯಾಕೆಂದರೆ ಕ್ಯಾಮೆರಾದ ಪಕ್ಕ ಅವರು ಒಂದು ಹಿತ್ತಾಳೆ ಗಂಟೆ ಬಾರಿಸುತ್ತಿದ್ದರು. ಆ ಗಂಟೆಯ ವಿಷಯ ಮುಂದೆ ಬರುತ್ತದೆ.

ನಾನು ಹೇಳಹೊರಟಿದ್ದು ಫೋಟೋದವರ ಕಥೆಯನ್ನಲ್ಲ, ನನ್ನ ದೊಡ್ಡಪ್ಪನ ಕಥೆಯನ್ನು. ಅವರು ನನ್ನ ಅಪ್ಪನ ಅಣ್ಣ. ಬಾಯ್ಲರ್ ಕಾರ್ಖಾನೆಯಲ್ಲಿ ಕಬ್ಬಿಣದ ಹಾಳೆಗಳಿಗೆ ಮೊಳೆ ಬಡಿಯುವ ಕೆಲಸ. ನಾಲ್ಕನೇ ತರಗತಿಗೆ ಶಾಲೆ ಬಿಟ್ಟವರು, ಎರಡೂ ಕಿವಿ ಕೇಳದವರು. ಆದರೆ ಕೂಟವನ್ನು ಬಿಟ್ಟು ದೊಡ್ಡಪ್ಪನ ಕಥೆ ಹೇಳಲು ಆಗುವುದಿಲ್ಲ, ಹಾಗಾಗಿ ಮೊದಲು ಅದನ್ನು ಮುಗಿಸಿಬಿಡುತ್ತೇನೆ.

ಫೋಟೋದವರ ಸ್ಟುಡಿಯೋ ಒಂದು ಹಳೆ ಕಟ್ಟಡದ ಮೇಲಂತಸ್ತಿನಲ್ಲಿತ್ತು. ಅಲ್ಲಿ ಗೋಡೆಯ ಉದ್ದಕ್ಕೂ ಬಣ್ಣದ ಪರದೆಯೊಂದು ಇಳಿಬಿದ್ದಿತ್ತು. ಅದರ ಮೇಲೆ ಕಂಬಗಳು, ಕಂಬಗಳ ನಡುವೆ ಕೆಳಕ್ಕೆ ಇಳಿದು ಹೋಗುವ ಮೆಟ್ಟಿಲುಗಳು. ವ್ಯಾಪಾರ ಮಂದವಾಗಿದ್ದ ಕಾಲದಲ್ಲಿ ಔಷಧಿ ಅಂಗಡಿಯವರು, ಬ್ಯಾಂಕಿನ ಮ್ಯಾನೇಜರು, ವಕೀಲರು, ಹೆಡ್‌ಮಾಸ್ತರು ಹೀಗೆ ನಾಲ್ಕು ಜನ ಹೊತ್ತು ಕಳೆಯಲು ಅಲ್ಲಿ ಸೇರುತ್ತಿದ್ದರು. ಒಂದು ದಿನ ಔಷಧಿ ಅಂಗಡಿಯವರು ಆಕಳಿಸುತ್ತಾ, ಈ ಮೆಟ್ಟಿಲು ಎಲ್ಲಿಗೆ ಹೋಗುತ್ತೆ ಎಂದು ಕೇಳಿದರಂತೆ. ಪೇಂಟರಿಗೆ ಬಣ್ಣ ಮುಗಿದು ಅಲ್ಲಿಗೇ ನಿಲ್ಲಿಸಿದ ಎಂದು ಫೋಟೋದವರು ನಿಜ ಹೇಳಬಹುದಿತ್ತು. ಅವರು ದನಿ ತಗ್ಗಿಸಿ, 'ಪಾತಾಳಕ್ಕೆ' ಎಂದರು. ಉಳಿದವರು ಎತ್ತು ಈಯಿತು ಎಂದರೆ ಕರು ಕಟ್ಟು ಎನ್ನುವ ಪೈಕಿ. ಪಾತಾಳದಲ್ಲಿ ಏನಿದೆ ಎಂದು ಕೇಳಿದರು. ಅದನ್ನು ಹೇಳಬೇಕಾದರೆ ಆಣೆ ಮಾಡಬೇಕಾಗುತ್ತದೆ ಎಂದರು ಫೋಟೋದವರು. ಮಾಡಿದರು. ಕೂಟ ಹುಟ್ಟಿತು.

ಅದರ ದೀಕ್ಷೆಯ ಪದ್ಧತಿಗಳೂ ಹೀಗೆಯೇ ಒಂದೊಂದಾಗಿ ಹುಟ್ಟಿಕೊಂಡವು. ದೀಕ್ಷೆಗೆ ಬರುವವನು ಎಡಗಾಲನ್ನು ಬರಿಗಾಲು ಮಾಡಿಕೊಂಡು ಬರಬೇಕು. ಮೊದಲು ದೀಕ್ಷೆ ತೆಗೆದುಕೊಂಡ ಔಷಧಿ ಅಂಗಡಿಯವರ ಎಡಗಾಲಿನ ಹೆಬ್ಬೆರಳು ಆವತ್ತು ಊದಿತ್ತು, ಒಂದೇ ಬೂಟು ಹಾಕಿಕೊಂಡು ಬಂದಿದ್ದರು. ಅದನ್ನು ನೋಡಿದ ವಕೀಲರು ತಮ್ಮ ಸರದಿ ಬಂದಾಗ ತಾವೂ ಒಂದು ಬೂಟು ಬಿಚ್ಚಿದರು. ಫೋಟೋದವರು ಮೆಚ್ಚುಗೆಯಿಂದ ತಲೆಯಾಡಿಸಿದರು. ಸಂಪ್ರದಾಯ ಹುಟ್ಟುವುದಕ್ಕೆ ಅಷ್ಟು ಸಾಕು. ಕಣ್ಣಿಗೆ ಬಟ್ಟೆ ಕಟ್ಟಿಕೊಂಡು, ಬಗ್ಗಿ, ಜನನ ಮರಣಗಳ ಗೆರೆಯನ್ನು ದಾಟಬೇಕು. ಆ ಗೆರೆ ಎಂದರೆ, ಅದೇ ಸ್ಟುಡಿಯೋದಲ್ಲಿ ಕೆಲಸಕ್ಕಿದ್ದ ನಾನು ದಿನಾ ಒದ್ದೆ ಫೋಟೋಗಳನ್ನು ಒಣಹಾಕುತ್ತಿದ್ದ ಹಗ್ಗ. ಆಮೇಲೆ ಪರದೆಯ ಹಿಂದೆ ಒಬ್ಬನೇ ಹೋಗಿ, ಅಲ್ಲಿರುವ ಆದಿಕರ್ಣದಲ್ಲಿ, ಅಂದರೆ ಪಾತಾಳದ ಕಿವಿಯಲ್ಲಿ, ತಾನು ಹುಟ್ಟಿದಂದಿನಿಂದ ಯಾರಿಗೂ ಹೇಳದ ತಪ್ಪನ್ನು ಪಿಸುಗುಟ್ಟಬೇಕು. ಪಾತಾಳ ಒಪ್ಪಿದರೆ ಗಂಟೆ ಬಾರಿಸುತ್ತದೆ. ಕೂಸುಗಳನ್ನು ನಗಿಸುವ ಅದೇ ಹಿತ್ತಾಳೆ ಗಂಟೆ.

ಇದೆಲ್ಲ ನಡೆಯುತ್ತಿದ್ದುದು ಭಾನುವಾರ ಮಧ್ಯಾಹ್ನ, ಸದಸ್ಯರ ಹೆಂಡತಿಯರು ಊಟ ಮುಗಿಸಿ ಮಲಗಿದ ಮೇಲೆ. ಕಿಟಕಿಗಳಿಗೆ ಕಪ್ಪು ಬಟ್ಟೆ ಎಳೆದು ಮಧ್ಯರಾತ್ರಿ ಮಾಡಿಕೊಳ್ಳುತ್ತಿದ್ದರು. ನಾನು ಆ ಹೊತ್ತಿಗೆ ಪಕ್ಕದ ಕತ್ತಲೆ ಕೋಣೆಯಲ್ಲಿ ಫೋಟೋ ತೊಳೆಯುತ್ತಲೋ, ಮದುವಣಗಿತ್ತಿಯರ ಮುಖದ ಮೊಡವೆಗಳನ್ನು ಕುಂಚದಿಂದ ಅಳಿಸುತ್ತಲೋ ಇರುತ್ತಿದ್ದೆ. ನಡುವೆ ಇದ್ದದ್ದು ತೆಳು ಹಲಗೆಯ ಗೋಡೆ. ಕೂಟಕ್ಕೆ ಹೆಂಗಸರನ್ನು ಸೇರಿಸುತ್ತಿರಲಿಲ್ಲ, ಆದರೆ ಅವರ ನಿಲುವಂಗಿಯ ಅಂಚು ಹರಿದರೆ ಹೊಲಿಯಲು ನಾನೇ ಬೇಕಾಗಿತ್ತು. ಗುಟ್ಟು ಕೇಳಿಸಿಕೊಂಡರೆ ಏನು ಮಾಡುವುದು ಎಂದು ವಕೀಲರು ಒಮ್ಮೆ ಅನುಮಾನ ಎತ್ತಿದರಂತೆ. ಅವಳಿಗೇನು ಅರ್ಥ ಆಗುತ್ತೆ ಬಿಡಿ ಎಂದರಂತೆ ಮಹಾಗುರುಗಳು. ಆ ತಿಂಗಳು ಅವರ ಹೆಂಡತಿಯ ಫೋಟೋದಲ್ಲಿ ನಾನು ಒಂದು ಮೊಡವೆಯನ್ನೂ ಅಳಿಸಲಿಲ್ಲ.

ಮೊದಮೊದಲು ಆದಿಕರ್ಣ ಎಂದರೆ ಟೋಪಿ ಇಡಲು ಸುಣ್ಣದಲ್ಲಿ ಮಾಡಿದ ಒಂದು ಬೊಂಬೆಯ ತಲೆ. ಅದಕ್ಕೆ ಕಪ್ಪು ಬಟ್ಟೆ ಹೊದಿಸಿ, ಕಿವಿ ಮಾತ್ರ ಕಾಣುವಂತೆ ಇಟ್ಟಿದ್ದರು. ಗಂಟೆಯನ್ನು ಫೋಟೋದವರೇ ಹೊರಗಿನಿಂದ ದಾರ ಎಳೆದು ಬಾರಿಸುತ್ತಿದ್ದರು. ಒಂದು ಭಾನುವಾರ ಪಶುವೈದ್ಯರೊಬ್ಬರು ದೀಕ್ಷೆಗೆ ಬಂದವರು ಹೆದರಿಕೆಯಲ್ಲಿ ತೀರಾ ಹತ್ತಿರ ಬಾಗಿ ತಲೆಯನ್ನು ಕೆಡವಿದರು. ಕಿವಿ ಮುರಿಯಿತು. ಹೊಸದು ತರುವ ಬದಲು ಫೋಟೋದವರಿಗೆ ಬೇರೆ ಯೋಚನೆ ಬಂತು. ಸುಣ್ಣಕ್ಕೆ ಗುಟ್ಟು ಹೇಳಿದರೆ ಮೈ ಜುಮ್ಮೆನ್ನುವುದಿಲ್ಲ ಎಂದು ಸದಸ್ಯರು ಮೊದಲೇ ಗೊಣಗುತ್ತಿದ್ದರು. ಹಾಗೆಂದು ಕೇಳುವ ಮನುಷ್ಯನಿಗೆ ಯಾರು ಹೇಳುತ್ತಾರೆ? ಬಾಯಿ ಬಿಟ್ಟರೆ ಬಣ್ಣಗೇಡು. ಜೀವಂತ ಇರಬೇಕು, ಕೇಳಬಾರದು, ಅಂಥ ಕಿವಿ ಬೇಕಿತ್ತು.

'ನಿಮ್ಮ ದೊಡ್ಡಪ್ಪಂಗೆ ಪೂರ್ತಿ ಕೇಳಲ್ವಾ, ಇಲ್ಲ ಸ್ವಲ್ಪ ಸ್ವಲ್ಪ ಕೇಳುತ್ತಾ?' ಎಂದು ನನ್ನನ್ನು ವಿಚಾರಿಸಿದರು. 'ಕಿವಿ ಪಕ್ಕ ಪಟಾಕಿ ಹೊಡೆದ್ರೆ ಯಾರೋ ಬಾಗಿಲು ತಟ್ಟಿದ್ರು ಅಂತಾರೆ,' ಎಂದೆ. ಮುಂದಿನ ವಾರವೇ ದೊಡ್ಡಪ್ಪ ಆದಿಕರ್ಣರಾದರು. ಶಾಸ್ತ್ರದಲ್ಲಿ ಮೊದಲಿನಿಂದಲೂ ಜೀವಂತ ಕಿವಿಯನ್ನೇ ಹೇಳಿದೆ, ಸುಣ್ಣದ್ದು ಕಲಿಗಾಲದ ಏರ್ಪಾಡು ಎಂದು ಮಹಾಗುರುಗಳು ಘೋಷಿಸಿದರು. ಎಲ್ಲರೂ ರಕ್ತದ ಆಣೆ ಮಾಡಿದ್ದರು, ಗುಟ್ಟು ಬಿಟ್ಟುಕೊಟ್ಟರೆ ನಾಲಿಗೆ ಕೀಳಿಸಿಕೊಳ್ಳುತ್ತೇವೆ ಎಂದು. ದೊಡ್ಡಪ್ಪನಿಂದ ಮಾತ್ರ ಯಾವ ಆಣೆಯನ್ನೂ ಮಾಡಿಸಲಿಲ್ಲ. ಕೇಳದವನಿಗೆ ಆಣೆ ಯಾಕೆ?

ಅವರಿಗೆ ತೊಡಿಸಿದ ಕಪ್ಪು ನಿಲುವಂಗಿ ಪದವಿ ಪಡೆದವರು ಫೋಟೋ ತೆಗೆಸಿಕೊಳ್ಳಲು ಬಾಡಿಗೆಗೆ ಹಾಕಿಕೊಳ್ಳುತ್ತಿದ್ದದ್ದು. ಊರಿನ ಡಾಕ್ಟರು, ಎಂಜಿನಿಯರುಗಳೆಲ್ಲ ಅದರೊಳಗೆ ಹೊಕ್ಕು ಹೊರಬಂದವರೇ. ನಾಲ್ಕನೇ ತರಗತಿಯ ದೊಡ್ಡಪ್ಪನಿಗೂ ಅದು ಸರಿಯಾಗಿ ಕೂತಿತು. ಮುಖಕ್ಕೆ ಮುಸುಕು, ಎತ್ತರದ ಕುರ್ಚಿ, ಕೈಯಲ್ಲಿ ಗಂಟೆ. ಮಾತು ಮುಗಿಯಿತೆಂದು ಹೇಗೆ ಗೊತ್ತಾಗುತ್ತೆ ಎಂದು ಸನ್ನೆ ಮಾಡಿ ಕೇಳಿದೆ. 'ಕೆನ್ನೆಗೆ ಬಿಸಿ ಉಸಿರು ಬರ್ತಾ ಇರುತ್ತೆ. ಅದು ನಿಂತ ತಕ್ಷಣ ಬಾರಿಸ್ತೀನಿ. ಬೆಳ್ಳುಳ್ಳಿ ತಿಂದವರಿಗೆ ಸ್ವಲ್ಪ ಬೇಗ ಬಾರಿಸ್ತೀನಿ,' ಎಂದರು.

ಅವರಿಗೆ ಆ ಕುರ್ಚಿ ಎಷ್ಟು ದೊಡ್ಡದಾಗಿತ್ತು ಎಂದು ಹೇಳಬೇಕು. ಕಾರ್ಖಾನೆಯಲ್ಲಿ ಅವರನ್ನು ಬೆನ್ನು ತಟ್ಟಿ ಕರೆಯುತ್ತಿದ್ದರು, ಅಂಗಡಿಯಲ್ಲಿ ಅವರ ಎದುರೇ ಅವರನ್ನು ಕೆಪ್ಪ ಎಂದು ಆಡಿಕೊಳ್ಳುತ್ತಿದ್ದರು. ಭಾನುವಾರ ಮಾತ್ರ ಅವರು ಒಳಗೆ ಬಂದರೆ ಬ್ಯಾಂಕಿನ ಮ್ಯಾನೇಜರು ಎದ್ದು ನಿಲ್ಲುತ್ತಿದ್ದರು. ಬೀದಿಯಲ್ಲಿ ಎದುರಾದರೆ ವಕೀಲರು ಕಿವಿಯ ಹಾಲೆ ಮುಟ್ಟಿ ಗುಪ್ತ ವಂದನೆ ಮಾಡುತ್ತಿದ್ದರು. ದೊಡ್ಡಪ್ಪ ಗಂಭೀರವಾಗಿ ತಮ್ಮ ಕಿವಿ ಮುಟ್ಟಿ ಮರುವಂದನೆ ಮಾಡುತ್ತಿದ್ದರು. ದೊಡ್ಡಮ್ಮ ಮಾತ್ರ ಇವರು ಸ್ಟುಡಿಯೋ ಕಾವಲಿಗೆ ಹೋಗುತ್ತಾರೆ ಎಂದುಕೊಂಡಿದ್ದಳು.

ಈಗ ದೊಡ್ಡಮ್ಮನ ಮಾತಿಗೆ ಬರಬೇಕು. ಆ ಮನೆಯಲ್ಲಿ ಒಂದು ಹಳೆಯ ಗಾಯವಿತ್ತು. ದೊಡ್ಡಮ್ಮನ ತಾಯಿ ನದಿಯಾಚೆಯ ಊರಿನಲ್ಲಿ ದೊಡ್ಡಮ್ಮನ ಅಣ್ಣನ ಮನೆಯಲ್ಲಿದ್ದರು. ಅಣ್ಣನಿಗೆ ಮರದ ಡಿಪೋ. ತಾಯಿ ಸಾಯುವ ಮುಂಚೆ ಎರಡು ದಿನ ಮಗಳನ್ನೇ ಕೇಳಿದರಂತೆ. ಡಿಪೋದ ಆಳನ್ನು ಬಸ್ಸಿಗೆ ಹತ್ತಿಸಿ ಕಳಿಸಿದೆ, ಅವನು ಬಂದು ಬಾಗಿಲು ಬಡಿದು ಬಡಿದು ಕೂಗಿ ಸಾಕಾಗಿ ವಾಪಸು ಹೋದ ಎಂದು ಅಣ್ಣ ಆಮೇಲೆ ಹೇಳಿದ. ಆ ದಿನ ದೊಡ್ಡಮ್ಮ ಅಂಗಿಗಳಿಗೆ ಕಾಜ ಹೊಲಿಯುವ ಕೆಲಸಕ್ಕೆ ಹೋಗಿದ್ದಳು. ರಾತ್ರಿ ಪಾಳಿ ಮುಗಿಸಿ ಮನೆಯಲ್ಲಿದ್ದದ್ದು ದೊಡ್ಡಪ್ಪ ಒಬ್ಬರೇ, ಬಾಗಿಲ ಹತ್ತಿರ ಕೂತು ಯಾರದೋ ಸೀಮೆಎಣ್ಣೆ ಸ್ಟೌವು ರಿಪೇರಿ ಮಾಡುತ್ತಿದ್ದರು. ದೊಡ್ಡಮ್ಮ ವಿಷಯ ತಿಳಿದು ಹೋಗುವ ಹೊತ್ತಿಗೆ ಎಲ್ಲ ಮುಗಿದಿತ್ತು. ತಾಯಿ ಕರೆದರೂ ಬರದ ಮಗಳು ಎಂದು ನೆಂಟರೆಲ್ಲ ಅಂದರು.

'ಬಾಗಿಲು ಬಡಿದಿದ್ರೆ ನೆಲ ಅದುರೋದು. ನನಗೆ ಗೊತ್ತಾಗಿರೋದು,' ಎಂದು ದೊಡ್ಡಪ್ಪ ಆಗ ಹೇಳಿದ್ದರು. ಕಿವುಡನ ಮಾತನ್ನು ಯಾರು ಕೇಳುತ್ತಾರೆ? ದೊಡ್ಡಮ್ಮ ಅವರ ಮುಖದೆದುರು ಒಂದೇ ಒಂದು ಸಲ ಕೂಗಾಡಿ ಅತ್ತಳು. ಆಮೇಲೆ ಆ ಮಾತು ಎತ್ತಲಿಲ್ಲ. ವರ್ಷಗಳು ಕಳೆದವು. ಅವಳು ತಮ್ಮನ್ನು ಕ್ಷಮಿಸಿದ್ದಾಳೆ ಎಂದು ದೊಡ್ಡಪ್ಪ ನಂಬಿದ್ದರು. ಆಳು ಬಂದಿದ್ದನ್ನು ತಾವು ಕೇಳಿಸಿಕೊಳ್ಳಲಿಲ್ಲ ಎಂಬುದನ್ನೂ ನಂಬಿಬಿಟ್ಟಿದ್ದರು.

ಹೀಗಿರುವಾಗ, ಅವರು ಕೆಲಸದಿಂದ ನಿವೃತ್ತರಾದ ಬೇಸಿಗೆಯಲ್ಲಿ ಕಿವಿ ನೋವು ಬಂತು. ನಾನು ಆಸ್ಪತ್ರೆಗೆ ಕರೆದುಕೊಂಡು ಹೋದೆ. ಚಿಕ್ಕ ವಯಸ್ಸಿನ ಡಾಕ್ಟರಮ್ಮ ಬಿಸಿನೀರು ಹಾಯಿಸಿ, ಚಿಮಟ ಹಾಕಿ, ಬಹಳ ಹೊತ್ತು ಒದ್ದಾಡಿ, ಒಂದು ಕಿವಿಯಿಂದ ಕರಿ ಬಿರಡೆಯಂಥದ್ದನ್ನು ಎಳೆದು ತಟ್ಟೆಗೆ ಹಾಕಿದಳು. ಆಮೇಲೆ ಇನ್ನೊಂದು ಕಿವಿಯಿಂದಲೂ. ಹತ್ತಿ, ಎಣ್ಣೆ, ಗುಗ್ಗೆ, ಕಬ್ಬಿಣದ ಪುಡಿ ಎಲ್ಲ ಸೇರಿ ಗಟ್ಟಿಯಾಗಿತ್ತು. 'ಇದೇನಜ್ಜ, ಒಳಗೇ ಒಂದು ಬಾಯ್ಲರ್ ಇಟ್ಕೊಂಡಿದ್ದೀರಾ?' ಎಂದಳು.

'ತಟ್ಟೆ ಮೆಲ್ಲಗೆ ಇಡಮ್ಮ,' ಎಂದರು ದೊಡ್ಡಪ್ಪ. ನಾವಿಬ್ಬರೂ ಅವರ ಮುಖ ನೋಡಿದೆವು.

ಆದದ್ದು ಇಷ್ಟು. ಕೆಲಸಕ್ಕೆ ಸೇರಿದ ಹೊಸತರಲ್ಲಿ ಸುತ್ತಿಗೆಯ ಸದ್ದಿಗೆ ಹೆದರಿ ದೊಡ್ಡಪ್ಪ ಕಿವಿಗೆ ಎಣ್ಣೆ ಹತ್ತಿ ತುರುಕಿಕೊಂಡಿದ್ದರು. ಜೊತೆಯವರು ಪುಕ್ಕಲ ಎಂದು ನಗುತ್ತಿದ್ದರಿಂದ ಯಾರಿಗೂ ಕಾಣದಷ್ಟು ಒಳಕ್ಕೆ ಒತ್ತಿದರು. ಹಳೆಯದನ್ನು ತೆಗೆಯಲಾಗದೆ ಅದರ ಮೇಲೆ ಹೊಸದು, ಅದರ ಮೇಲೆ ಇನ್ನಷ್ಟು. ಎಲ್ಲರ ಕಿವಿಯೂ ಹೋಗುವ ಕಾರ್ಖಾನೆ, ತಮ್ಮದೂ ಹೋಯಿತು ಅಂದುಕೊಂಡರು. ಧೈರ್ಯವಂತರ ಕಿವಿಗಳು ನಿಜವಾಗಿ ಹೋಗಿದ್ದವು, ಪುಕ್ಕಲನ ಕಿವಿ ಡಬ್ಬಿಯಲ್ಲಿಟ್ಟ ಹಾಗೆ ಉಳಿದಿತ್ತು. 'ಪೂರ್ತಿ ಅಲ್ಲ, ಆದ್ರೆ ಚೆನ್ನಾಗೇ ಕೇಳುತ್ತೆ,' ಎಂದಳು ಡಾಕ್ಟರಮ್ಮ.

ಹೊರಗೆ ಬಂದು ಆಸ್ಪತ್ರೆಯ ಮೆಟ್ಟಿಲ ಮೇಲೆ ಕೂತರು. ಸೈಕಲ್ಲು, ಕಾಗೆ, ಯಾರದೋ ಚಪ್ಪಲಿ, ಎಲ್ಲದಕ್ಕೂ ತಲೆ ತಿರುಗಿಸುತ್ತಿದ್ದರು. ನಾನು ಏನೋ ಹೇಳಿದೆ. 'ನಿನ್ನ ಧ್ವನಿ ನಿಮ್ಮಪ್ಪನದೇ,' ಎಂದರು. ಅಪ್ಪ ತೀರಿಹೋಗಿ ಆಗಲೇ ಬಹಳ ಕಾಲವಾಗಿತ್ತು. ನನಗೆ ಅಳು ಬಂತು. ಕಣ್ಣು ಒರೆಸಿಕೊಳ್ಳುವಷ್ಟರಲ್ಲಿ ಅವರು, 'ಮನೇಲಿ ಹೇಳ್ಬೇಡ. ಸ್ಟುಡಿಯೋದಲ್ಲೂ ಹೇಳ್ಬೇಡ,' ಎಂದರು.

'ಯಾಕೆ? ಊರೆಲ್ಲ ಡಂಗುರ ಹೊಡೀಬೇಕಾದ ವಿಷಯ ಇದು.'

'ಕೇಳೋ ಕಿವಿ ಯಾರಿಗೆ ಬೇಕು? ಎಲ್ಲರ ಹತ್ರಾನೂ ಎರಡೆರಡು ಇದಾವೆ.'

ನನಗೆ ಸಿಟ್ಟು ಬಂತು. ಟೋಪಿ ಇಡುವ ತಲೆಯ ಜಾಗದಲ್ಲಿ ಕೂರುವುದಕ್ಕೆ ಯಾರಾದರೂ ಇಷ್ಟು ಆಸೆ ಪಡುತ್ತಾರೆಯೇ? ಆದರೂ ಒಪ್ಪಿಕೊಂಡೆ. ಅವರು ಅಲ್ಲೇ ಅಂಗಡಿಯಲ್ಲಿ ಹತ್ತಿ ಕೊಂಡು, ಹೊರಗೆ ಕಾಣುವಷ್ಟು ಮಾತ್ರ ಎರಡು ಕಿವಿಗೂ ಇಟ್ಟುಕೊಂಡರು.

ಆ ಭಾನುವಾರಗಳಲ್ಲಿ ಅವರು ಯಾರ ಯಾರ ಗುಟ್ಟು ಕೇಳಿದರೋ ನಾನು ಎಷ್ಟು ಪೀಡಿಸಿದರೂ ಹೇಳಲಿಲ್ಲ. ಆಣೆ ಮಾಡದ ಒಬ್ಬರೇ ಒಬ್ಬರು ಅವರು, ಗುಟ್ಟು ಕಾಪಾಡಿದ ಒಬ್ಬರೇ ಒಬ್ಬರೂ ಅವರು. ಒಮ್ಮೆ ಮಾತ್ರ, 'ಏನೋ ಅಂದ್ಕೊಂಡಿದ್ದೆ ಕಣೇ. ಜನ ತಪ್ಪು ಮಾಡೋದ್ರಲ್ಲೂ ಜಿಪುಣರು,' ಎಂದರು.

ಕೂಟದ ಗುಟ್ಟುಗಳು ಅವರನ್ನು ಅಲುಗಾಡಿಸಲಿಲ್ಲ. ಅಲುಗಾಡಿಸಿದ್ದು ಅಡುಗೆಮನೆ. ದೊಡ್ಡಪ್ಪ ಹಿತ್ತಿಲ ಮೆಟ್ಟಿಲ ಮೇಲೆ ಬೆನ್ನು ಹಾಕಿ ಕೂತು ಅಕ್ಕಪಕ್ಕದವರ ಸ್ಟೌವುಗಳಿಗೆ ಪಿನ್ನು ಹಾಕುತ್ತಿದ್ದರೆ, ಹಿಂದೆ ದೊಡ್ಡಮ್ಮ ಒಲೆಯ ಮುಂದೆ ಮಾತಾಡುತ್ತಿದ್ದಳು. ಇಷ್ಟು ವರ್ಷವೂ ಮಾತಾಡಿದ್ದಳು. ಮಂಡಿ ನೋವು, ಕಾಜದ ಅಂಗಡಿಯ ಯಜಮಾನನ ಸಣ್ಣಬುದ್ಧಿ, ಪಕ್ಕದ ಮನೆಯವಳ ಹೊಸ ಸೀರೆ, ಎಲ್ಲವನ್ನೂ ಆ ಬೆನ್ನಿಗೆ ಹೇಳುತ್ತಿದ್ದಳು. ಕೂಟದವರು ಮೂರು ಸಾವಿರ ವರ್ಷ ಹುಡುಕಿ ಕಂಡುಹಿಡಿದದ್ದನ್ನು ದೊಡ್ಡಮ್ಮ ಮನೆಯಲ್ಲೇ ಮಾಡಿಕೊಂಡಿದ್ದಳು.

ಒಂದು ಸಂಜೆ ನಾನು ಅಲ್ಲೇ ಇದ್ದೆ. ಈರುಳ್ಳಿ ಹೆಚ್ಚುತ್ತಾ, ದಿನದ ಲೆಕ್ಕ ಒಪ್ಪಿಸುವ ಅದೇ ದನಿಯಲ್ಲಿ ಹೇಳಿದಳು: 'ಬಾಗಿಲ ಹತ್ರಾನೇ ಕೂತಿದ್ರಲ್ಲ ನೀವು. ಒಂದ್ಸಲ ತಿರುಗಿ ನೋಡಿದ್ರೆ ಸಾಕಿತ್ತು. ನಮ್ಮಮ್ಮ ಬಾಗಿಲು ನೋಡ್ತಾ ನೋಡ್ತಾನೇ ಹೋದಳಂತೆ.' ದೊಡ್ಡಪ್ಪನ ಕೈಯಲ್ಲಿದ್ದ ಪಿನ್ನು ನಿಂತಿತು. ದೊಡ್ಡಮ್ಮ ಈರುಳ್ಳಿಯನ್ನು ಬಾಣಲೆಗೆ ಹಾಕಿದಳು.

'ದಿನಾ ಹೇಳ್ತಾಳೆ,' ಎಂದರು ದೊಡ್ಡಪ್ಪ, ನನ್ನನ್ನು ಬಸ್‌ ಸ್ಟಾಪಿನವರೆಗೆ ಬಿಡಲು ಬಂದಾಗ. 'ಕ್ಷಮಿಸಿದಾಳೆ ಅಂದ್ಕೊಂಡಿದ್ದೆ. ಕ್ಷಮಿಸಿಲ್ಲ. ಕ್ಷಮಿಸೋದಾದ್ರೂ ಹೇಗೆ?' ಆ ರಾತ್ರಿ ನನಗೆ ಡಾಕ್ಟರಮ್ಮನ ಚಿಮಟದ ಮೇಲೂ ಕೋಪ ಬಂತು.

ಕೆಲವು ವಾರಗಳಾದ ಮೇಲೆ ಒಂದು ಭಾನುವಾರ ಹೊಸ ದೀಕ್ಷಾರ್ಥಿ ಬಂದ. ಕತ್ತಲೆ ಕೋಣೆಯ ಬಾಗಿಲ ಸಂದಿಯಿಂದ ನೋಡಿದೆ. ದೊಡ್ಡಮ್ಮನ ಅಣ್ಣ. ಡಿಪೋವನ್ನು ಈಗ ನಮ್ಮೂರಿಗೇ ತಂದಿದ್ದ. ಊರಿನ ಕಟ್ಟಡ ಕಟ್ಟಿಸುವವರೆಲ್ಲ ಕೂಟದಲ್ಲಿದ್ದದ್ದರಿಂದ ಅವನಿಗೆ ಪಾತಾಳದ ಮೇಲೆ ಭಕ್ತಿ ಹುಟ್ಟಿತ್ತು. ಕಣ್ಣಿಗೆ ಬಟ್ಟೆ, ಎಡಗಾಲು ಬರಿಗಾಲು. ಮುಸುಕಿನೊಳಗೆ ಕೂತಿರುವುದು ತನ್ನ ತಂಗಿಯ ಗಂಡ ಎಂದು ಅವನಿಗೆ ಹೇಗೆ ತಿಳಿಯಬೇಕು? ಫೋಟೋದವರಿಗೆ ತಿಳಿದಿತ್ತು. ಕೇಳದ ಕಿವಿಗೆ ಭಾವನೇನು, ಭಾವಮೈದುನನೇನು ಎಂದು ಸುಮ್ಮನಿದ್ದರು.

ಹಗ್ಗದಡಿ ಬಗ್ಗಿ ಅವನು ಪರದೆಯ ಹಿಂದೆ ಹೋದ. ನನ್ನ ಹಲಗೆ ಗೋಡೆಯ ಆಚೆ ಪಿಸುಪಿಸು ಶುರುವಾಯಿತು, ನಿಂತಿತು. ಗಂಟೆ ಬಾರಿಸಲಿಲ್ಲ.

ಕೂಟದ ಇತಿಹಾಸದಲ್ಲೇ ಹೀಗಾಗಿರಲಿಲ್ಲ. ಹೊರಗೆ ಯಾರೋ ಕೆಮ್ಮಿದರು. ನಿಲುವಂಗಿಗಳು ಸರಸರ ಎಂದವು. ಉಸಿರು ಸರಿಯಾಗಿ ತಾಗಲಿಲ್ಲವೇನೋ ಎಂದು ಫೋಟೋದವರು ಅಂದುಕೊಂಡಿರಬೇಕು, ಆದರೆ ಮಹಾಗುರುಗಳು ಹಾಗೆನ್ನಲು ಬರುವುದಿಲ್ಲವಲ್ಲ. ಗಡಸು ದನಿಯಲ್ಲಿ, 'ಸತ್ಯ ಪೂರ್ತಿ ಬಂದಿಲ್ಲ. ಪಾತಾಳ ಒಪ್ಪಿಲ್ಲ. ಇನ್ನೊಮ್ಮೆ ಹೇಳು,' ಎಂದರು.

ಅವನು ಇನ್ನೊಮ್ಮೆ ಹೇಳಿದ, ಸ್ವಲ್ಪ ಗಟ್ಟಿಯಾಗಿ. 'ಅಮ್ಮ' ಎಂಬ ಮಾತು ನನಗೆ ಕೇಳಿಸಿತು. ಗಂಟೆ ಇಲ್ಲ. 'ಪೂರ್ತಿ,' ಎಂದರು ಮಹಾಗುರುಗಳು. ಮೂರನೆಯ ಸಲ ಅವನ ದನಿ ನಡುಗುತ್ತಿತ್ತು. ಗಂಟೆ ಇಲ್ಲ. ನಾನು ಕೈಯಲ್ಲಿದ್ದ ಫೋಟೋವನ್ನು ನೀರಿನಲ್ಲೇ ಬಿಟ್ಟು ಹಲಗೆಗೆ ಕಿವಿಯಿಟ್ಟೆ. ಇಡಬೇಕಾಗಿರಲಿಲ್ಲ.

'ನಾನು ಯಾರನ್ನೂ ಕಳಿಸಲಿಲ್ಲ,' ಎಂದು ಅವನು ಕೂಗಿದ. 'ಆಳೂ ಇಲ್ಲ, ಯಾರೂ ಇಲ್ಲ. ತಂಗಿ ಮನೆ ಬಾಗಿಲಿಗೆ ಯಾರೂ ಹೋಗಲೇ ಇಲ್ಲ. ಅಮ್ಮನ್ನ ಎರಡು ವರ್ಷ ಎತ್ತಿ ಕೂರಿಸಿ ಉಣಿಸಿದ್ದು ನಾನು, ಹಾಸಿಗೆ ಒಗೆದಿದ್ದು ನಾನು. ಕೊನೆಗೆ ಬಾಯಲ್ಲಿ ಅವಳ ಹೆಸರೇ. ನಾನು ಎದುರೇ ಇದ್ದೆ. ನನಗೆ ತಡೆಯಕ್ಕಾಗಲಿಲ್ಲ. ಆ ಕಿವುಡನ ತಲೆ ಮೇಲೆ ಹಾಕಿದ್ರೆ ಅವನೇನು ಹೇಳ್ತಾನೆ ಅಂತ ಹಾಕ್ದೆ.' ಆಮೇಲೆ ಅಳು. ಗಂಡಸೊಬ್ಬ ಹಾಗೆ ಅತ್ತದ್ದನ್ನು ನಾನು ಮತ್ತೆ ಕೇಳಿಲ್ಲ. ಅವನ ಮೇಲೆ ಉಕ್ಕುತ್ತಿದ್ದ ನನ್ನ ರೋಷ ಅರ್ಧಕ್ಕೆ ನಿಂತಿತು, ಅದೂ ನನಗೆ ಹಿಡಿಸಲಿಲ್ಲ.

ಗಂಟೆ ಬಾರಿಸಿತು. ತುಂಬ ಹೊತ್ತು ಬಾರಿಸಿತು.

ನಾನು ಹಿಂದಿನ ಮೆಟ್ಟಿಲಿಳಿದು ದೊಡ್ಡಮ್ಮನ ಮನೆಗೆ ಓಡುವುದರಲ್ಲಿದ್ದೆ. ಕೆಳಗಿನ ಓಣಿಯಲ್ಲಿ ದೊಡ್ಡಪ್ಪ ಕೈ ಹಿಡಿದು ನಿಲ್ಲಿಸಿದರು. ನಿಲುವಂಗಿ ಇನ್ನೂ ಮೈಮೇಲೇ ಇತ್ತು.

'ಬೇಕಂತಲೇ ಬಾರಿಸಲಿಲ್ವಾ?' ಎಂದೆ.

'ಮೊದಲನೇ ಸಲ ಕೈ ಬರಲಿಲ್ಲ. ಆಮೇಲೆ ಬೇಕಂತಲೇ.'

'ಬಿಡಿ, ನಾನು ಹೋಗಿ ದೊಡ್ಡಮ್ಮಂಗೆ ಹೇಳ್ತೀನಿ.'

'ನೀನ್ಯಾಕೆ ಹೇಳ್ತೀಯ? ಅಲ್ಲಿ ಅಷ್ಟು ಜನ ದೊಡ್ಡ ಮನುಷ್ಯರು ಕೇಳಿದಾರೆ. ಯಾರಿಗೂ ಹೇಳಲ್ಲ ಅಂತ ರಕ್ತದಲ್ಲಿ ಆಣೆ ಮಾಡಿದಾರೆ. ನಾಳೆ ಹೊತ್ತಿಗೆ ಬರುತ್ತೆ.'

ಅವರ ಲೆಕ್ಕ ಸ್ವಲ್ಪ ತಪ್ಪಿತ್ತು. ಸಂಜೆ ದೀಪ ಹಚ್ಚುವ ಹೊತ್ತಿಗೇ ಔಷಧಿ ಅಂಗಡಿಯವರ ಹೆಂಡತಿಗೆ ಗೊತ್ತಾಗಿತ್ತು. ವಕೀಲರ ಹೆಂಡತಿಗೆ ಅದಕ್ಕೂ ಮೊದಲೇ ಗೊತ್ತಿತ್ತಂತೆ. ಆದರೆ ಯಾರ ನಾಲಿಗೆಯನ್ನೂ ಯಾರೂ ಕೀಳಲಿಲ್ಲ. ಕೂಟ ಈಗಲೂ ಇದೆ. ದೊಡ್ಡಪ್ಪ ಆಮೇಲೆ ತಾವೇ ಹೋಗಿ, ನನಗೆ ಕೇಳುತ್ತೆ, ಕುರ್ಚಿ ಬೇಡ ಎಂದು ಹೇಳಿದರು. ಕುಂಬಳಕಾಯಿ ಕಳ್ಳ ಎಂದ ಹಾಗೆ ಇತ್ತೀಚೆಗೆ ದೀಕ್ಷೆ ಪಡೆದವರೆಲ್ಲ ಹೆಗಲು ಮುಟ್ಟಿ ನೋಡಿಕೊಂಡರು. ಸುಣ್ಣದ ತಲೆಗೆ ಗೋಂದು ಹಚ್ಚಿ ಕಿವಿ ಅಂಟಿಸಿದ್ದಾರೆ, ಶಾಸ್ತ್ರದಲ್ಲಿ ಮೊದಲಿನಿಂದಲೂ ಸುಣ್ಣದ ಕಿವಿಯನ್ನೇ ಹೇಳಿರುವುದು ಎಂದು ಮಹಾಗುರುಗಳು ಹೇಳುತ್ತಾರೆ. ನಾಲ್ಕು ಸಲ ಹೇಳುವುದೂ ಸಂಪ್ರದಾಯವಾಗಿದೆ, ನಾಲ್ಕನೆಯ ಸಲ ಕೂಗಬೇಕು. ಅದಕ್ಕೇ ಇರಬೇಕು, ಹೊಸಬರು ಯಾರೂ ಸೇರುತ್ತಿಲ್ಲ.

ಅದು ಹಾಗಿರಲಿ, ಮರುದಿನದ್ದು ಹೇಳಿ ಮುಗಿಸುತ್ತೇನೆ. ಸಂಜೆ ನಾನು ಹೋದಾಗ ದೊಡ್ಡಪ್ಪ ಎಂದಿನಂತೆ ಹಿತ್ತಿಲ ಮೆಟ್ಟಿಲ ಮೇಲೆ ಬೆನ್ನು ಹಾಕಿ ಕೂತಿದ್ದರು. ಮುಂದೆ ಬಿಚ್ಚಿ ಹಾಕಿದ ಸ್ಟೌವು. ಕಿವಿಯಲ್ಲಿ ಹತ್ತಿ. ದೊಡ್ಡಮ್ಮ ಕೆಲಸದಿಂದ ಬಂದಳು. ಕಾಜದ ಅಂಗಡಿಯಲ್ಲಿ ಎಲ್ಲರೂ ಅವಳಿಗೆ ಹೇಳಿದ್ದರು, ಮುಖ ನೋಡಿದರೇ ತಿಳಿಯುತ್ತಿತ್ತು. ಚೀಲ ಇಟ್ಟಳು, ಕೈಕಾಲು ತೊಳೆದಳು, ಒಲೆ ಹಚ್ಚಲಿಲ್ಲ. ಬಾಗಿಲಲ್ಲಿ ನಿಂತು ಆ ಬೆನ್ನನ್ನು ನೋಡುತ್ತಿದ್ದಳು. ನಾನು ಇದ್ದೇನೆ ಎಂಬುದೇ ಅವಳ ಗಮನಕ್ಕೆ ಬರಲಿಲ್ಲ.

'ನಿಮ್ಮ ಬೆನ್ನಿಗೇ ಇಷ್ಟು ವರ್ಷ ಬೈದೆ,' ಎಂದಳು, ಅದೇ ದಿನನಿತ್ಯದ ತಗ್ಗು ದನಿಯಲ್ಲಿ. 'ಯಾರೂ ಬಂದೇ ಇರಲಿಲ್ವಂತೆ. ನೀವು ಆವತ್ತೇ ಹೇಳಿದ್ರಿ, ನೆಲ ಅದುರೋದು ಅಂತ. ನಾನು ಕೇಳಲಿಲ್ಲ. ಅಣ್ಣನ ಮುಖ ಇನ್ನು ಹೇಗೆ ನೋಡ್ಲಿ ಅಂತ ಗೊತ್ತಿಲ್ಲ, ನಿಮ್ಮ ಮುಖಾನೂ ಹೇಗೆ ನೋಡ್ಲಿ ಅಂತ ಗೊತ್ತಿಲ್ಲ. ತಪ್ಪಾಯ್ತು. ಇದನ್ನೂ ಬೆನ್ನಿಗೇ ಹೇಳ್ತಿದೀನಿ. ಎದುರು ಬಂದು ಸನ್ನೆ ಮಾಡಿ ಹೇಳೋ ಧೈರ್ಯ ನನಗಿಲ್ಲ.'

ದೊಡ್ಡಪ್ಪ ಪಿನ್ನನ್ನು ಕೆಳಗಿಟ್ಟರು. ಕಿವಿಯಿಂದ ಒಂದು ಹತ್ತಿ ತೆಗೆದರು, ಆಮೇಲೆ ಇನ್ನೊಂದು. ತಿರುಗಲಿಲ್ಲ.

'ಕೇಳಿಸ್ತು,' ಎಂದರು.

ದೊಡ್ಡಮ್ಮ ಬಾಗಿಲ ಚೌಕಟ್ಟು ಹಿಡಿದುಕೊಂಡಳು. 'ಯಾವತ್ತಿಂದ?'

'ಬೇಸಿಗೆಯಿಂದ.'

'ಹಾಗಾದ್ರೆ ನಾನು ದಿನಾ ಹೇಳ್ತಿದ್ದದ್ದು?'

'ದಿನಾ ಕೇಳಿಸ್ತಿತ್ತು.'

ದೊಡ್ಡಮ್ಮ ಬಂದು ಮೆಟ್ಟಿಲ ಮೇಲೆ ಅವರ ಪಕ್ಕದಲ್ಲಿ ಕೂತಳು, ಸ್ಟೌವಿನ ಬಿಡಿಭಾಗಗಳನ್ನು ಸೆರಗಿನಿಂದ ಅತ್ತ ಸರಿಸಿ. 'ಅಷ್ಟೆಲ್ಲ ಕೇಳಿಸ್ಕೊಂಡು ಸುಮ್ನೆ ಕೂತಿದ್ರಲ್ಲ. ಕೇಳುತ್ತೆ ಅಂತ ಒಂದು ಮಾತು ಯಾಕೆ ಹೇಳಲಿಲ್ಲ?'

'ಹೇಳಿದ್ರೆ ನೀನು ಮಾತಾಡೋದು ನಿಲ್ಲಿಸಿಬಿಡ್ತಿದ್ದೆ,' ಎಂದರು ದೊಡ್ಡಪ್ಪ.

ದೊಡ್ಡಪ್ಪ ಪಿನ್ನನ್ನು ಮತ್ತೆ ಕೈಗೆ ತೆಗೆದುಕೊಳ್ಳದೆ, ಅವಳ ಕಡೆಗೆ ಸ್ವಲ್ಪ ವಾಲಿ, ಕಾಯುತ್ತಾ ಕೂತರು.